ಬೀರುವಿನೊಳಗಿನ ದೀಪ

ಶಾಂತಲಾ ಕನಕರಾಜುವನ್ನು ಮೊದಲ ಸಲ ನೋಡಿದ್ದು ಅವನು ಅವಳ ಮೈಮೇಲೆ ಒಂದು ಬಕೆಟ್ ನೀರು ಸುರಿದಾಗ.

ಅದೂ ಹುಣಸೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ, ಹಾಡುಹಗಲಿನಲ್ಲಿ, ಹೊಗೆಸೊಪ್ಪು ಮಾರಿ ಬಂದವರೆಲ್ಲ ಟೀ ಲೋಟ ಹಿಡಿದು ನೋಡುತ್ತಿದ್ದಾಗ. ಅವಳು ಮಾಡಿದ ತಪ್ಪಾದರೂ ಏನು? ಆಸ್ಪತ್ರೆಯ ಟ್ರೇಲರ್‌ನಿಂದ ಬ್ಯಾಟರಿ ಬಿಚ್ಚಿ, ಮಗುವನ್ನು ಎತ್ತಿಕೊಂಡ ಹಾಗೆ ಸೊಂಟಕ್ಕೆ ಒತ್ತಿಕೊಂಡು ತಂದಿದ್ದಳು, ಅಷ್ಟೆ. 'ಕನಕ ಬ್ಯಾಟರಿ ವರ್ಕ್ಸ್' ಎಂಬ ಬೋರ್ಡಿನ ಕೆಳಗಿಂದ ಉದ್ದನೆಯ ಮನುಷ್ಯನೊಬ್ಬ ಎದ್ದು ಬಂದು, "ಕೆಳಗಿಡ್ರೀ! ಮೊದ್ಲು ಕೆಳಗಿಡ್ರೀ ಅದ!" ಎಂದು ಕೂಗಿ, ಬ್ಯಾಟರಿ ಕಿತ್ತುಕೊಂಡು, ಹಿಂದೆಯೇ ಬಕೆಟ್ ಎತ್ತಿ ಸುರಿದುಬಿಟ್ಟ.

"ತಲೆ ಕೆಟ್ಟಿದ್ಯೇನ್ರೀ ನಿಮ್ಗೆ?"

"ಆಸಿಡ್ ಕಣ್ರೀ ಅದು. ಅಡಿಗೆ ಸೋಡಾ ಕಲ್ಸಿದ್ ನೀರು ಉಯ್ದೆ. ಸೀರೆ ಓದ್ರೆ ಓಗ್ಲಿ ಬುಡಿ, ಚರ್ಮ ಉಳೀಲಿ."

ಅವಳು ಬಗ್ಗಿ ನೋಡಿಕೊಂಡಳು. ಬಿಳಿ ಸೀರೆಯ ಸೊಂಟದ ಹತ್ತಿರ ಆಗಲೇ ಸಣ್ಣ ಸಣ್ಣ ತೂತುಗಳು ಬಿದ್ದಿದ್ದವು. ಅವನೂ ಅಲ್ಲೇ ನೋಡಿದ, ನೋಡಬಾರದೆಂದು ನೆನಪಾಗಿ ತಕ್ಷಣ ಟೀ ಅಂಗಡಿಯ ಕಡೆ ತಿರುಗಿದ. ಅವನ ಕಿವಿ ಕೆಂಪಾಯಿತು. ಬಯ್ಯಬೇಕೆಂದು ತೆರೆದ ಬಾಯಿಯನ್ನು ಅವಳು ಹಾಗೇ ಮುಚ್ಚಿಕೊಂಡಳು.

"ಚಾರ್ಜ್ ಆಗೋಕೆ ಎಷ್ಟು ಹೊತ್ತಾಗುತ್ತೆ?"

"ಸಂಜೆ ಆಗುತ್ತೆ," ಎಂದ ಕನಕರಾಜು, ಇನ್ನೂ ಟೀ ಅಂಗಡಿಯನ್ನೇ ನೋಡುತ್ತ.

ಆ ಟ್ರೇಲರ್ ಬಗ್ಗೆ ಹೇಳಬೇಕು. ಯಾರೋ ಪರದೇಶದ ಗಂಡಹೆಂಡತಿ ಊರೂರು ಸುತ್ತಲು ತಂದಿದ್ದ ಗಾಲಿಯ ಮೇಲಿನ ಮನೆ ಅದು. ಸುತ್ತಿ ಸಾಕಾದ ಮೇಲೆ ಹುಣಸೂರಿನ ಧರ್ಮಾಸ್ಪತ್ರೆಗೆ ಕೊಟ್ಟುಹೋಗಿದ್ದರು. ಒಳಗೆ ಮಂಚ, ಪುಟ್ಟ ಸಿಂಕ್, ಕಿಟಕಿಗೆ ಪರದೆ, ಗೋಡೆಗೆ ಅಂಟಿದ ಬೀರು. ಬೀರುವಿನ ಒಳಗೂ ಒಂದು ದೀಪ! ಆಸ್ಪತ್ರೆಯವರು ಅದರಲ್ಲಿ ಔಷಧಿ ತುಂಬಿ, ಸೋಮವಾರ ಜೀಪಿಗೆ ಕಟ್ಟಿ ಕಾಕನಕೋಟೆ ಕಡೆಯ ಹಾಡಿಗಳಿಗೆ, ಕಾಡಿನವರ ಕೇರಿಗಳಿಗೆ, ಕಳಿಸುತ್ತಿದ್ದರು. ಶುಕ್ರವಾರ ವಾಪಸ್ಸು. ನರ್ಸ್ ಶಾಂತಲಾ, ಪಿರಿಯಾಪಟ್ಟಣದ ಹಾರನಹಳ್ಳಿಯವಳು. ಡ್ರೈವರ್ ಲಿಂಗಯ್ಯ, ಬೀಡಿ ಸೇದುವ, ಬಾಯಿಗೆ ಬೀಗವಿಲ್ಲದ, ಹೊಟ್ಟೆಯಲ್ಲಿ ಮಾತ್ರ ಕಲ್ಮಶವಿಲ್ಲದ ಮನುಷ್ಯ.

ಮುಂದಿನ ಶುಕ್ರವಾರ ಸೀರೆ ತೂತಾದದ್ದಕ್ಕೆ ಜಗಳವಾಡಲೆಂದೇ ಅಂಗಡಿಗೆ ಹೋಗುತ್ತಿದ್ದೇನೆ ಎಂದು ಶಾಂತಲಾ ನಂಬಿದ್ದಳು. ನಾವು ನಂಬಬೇಕಾಗಿಲ್ಲ. ಹಿಂದಿನ ದಿನ ಔಷಧಿ ತೆಗೆಯುವಾಗ ಬೀರುವಿನ ದೀಪ ಆರಿಸಲು ಮರೆತು, ಬ್ಯಾಟರಿ ಇಳಿದುಹೋಗಿತ್ತು. ಅದು ನಿಜವಾದ ಮರೆವೇ.

ಅಂಗಡಿಯ ಮುಂದೆ ಒಂದು ಸ್ಟೂಲು ಹಾಕಿತ್ತು, ಮೇಲೆ ಅವನ ತಾಯಿ ಯಶೋದಮ್ಮ ಹೊಲಿದ ಹತ್ತಿ ದಿಂಬು. ಹೋದವಾರ ಆ ದಿಂಬು ಇರಲಿಲ್ಲ. ಅವಳು ಅದನ್ನು ಗಮನಿಸಿದಳು, ಗಮನಿಸಿದ್ದನ್ನು ಅವನೂ ಗಮನಿಸಿದ, ಇಬ್ಬರೂ ಬ್ಯಾಟರಿಯನ್ನು ನೋಡಿದರು.

"ಎಷ್ಟು ಹೊತ್ತಾಗುತ್ತೆ?"

"ಸಂಜೆ ಆಗುತ್ತೆ."

"ಅಲ್ಲ ಕಣಪ್ಪ ಕನಕ," ಎಂದ ಲಿಂಗಯ್ಯ, ಜೀಪಿನ ಬಾನೆಟ್ಟಿಗೆ ಒರಗಿ. "ಆ ಟ್ರ್ಯಾಕ್ಟರ್‌ನೋರ್ದು ಇದ್ರ ಎರಡರಷ್ಟು ದೊಡ್ಡ ಬ್ಯಾಟ್ರಿ. ಮದ್ಯಾನಕ್ಕೆ ಕೊಟ್ಬುಡ್ತೀಯ. ನಮ್ಮದು ಮಾತ್ರ ಯಾಕ್ಲಾ ಸಂಜೆ?"

"ನಿಧಾನಕ್ಕೆ ತುಂಬ್ಸಿದ್ರೆ ಬಾಳಿಕೆ ಬತ್ತದೆ ಕಣಣ್ಣ."

"ಏನು, ಬ್ಯಾಟ್ರಿನಾ?"

ಶಾಂತಲಾ ಸೆರಗಿನಲ್ಲಿ ನಗು ಒರೆಸಿಕೊಂಡಳು. ಕನಕರಾಜು ಆಸಿಡ್ ಅಳೆಯುವ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು, ಅದರಲ್ಲಿ ಲೋಕವೇ ಕಾಣುತ್ತಿದೆಯೇನೋ ಎಂಬಷ್ಟು ಶ್ರದ್ಧೆಯಿಂದ ನೋಡತೊಡಗಿದ. ಕೊಳವೆಯ ಪಕ್ಕದಿಂದ ಅವನ ಒಂದು ಕಣ್ಣು ಮಾತ್ರ ಇವಳ ಕಡೆ ಬಂದು ಹೋಯಿತು.

ಮೂರನೆಯ ಶುಕ್ರವಾರ ಬ್ಯಾಟರಿ ತುಂಬಿಯೇ ಇತ್ತು. ಜೀಪು ಬಸ್‌ಸ್ಟ್ಯಾಂಡ್ ದಾಟಿ ನೇರ ಆಸ್ಪತ್ರೆಗೆ ಹೋಯಿತು. ಅಂಗಡಿಯ ಮುಂದೆ ಹಾದುಹೋಗುವಾಗ ಸ್ಟೂಲು ಕಂಡಿತು, ದಿಂಬು ಕಂಡಿತು, ಎದ್ದು ನಿಂತ ಅವನೂ ಕಂಡ. ಆ ವಾರವೆಲ್ಲ ಅವಳಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಪ್ರೀತಿ ಬಂದವರಿಗೆ ಬುದ್ಧಿ ಬೇಗ ಓಡುತ್ತದೆ, ಓಡಬಾರದ ಕಡೆಗೇ ಓಡುತ್ತದೆ. ಮುಂದಿನ ಸಲ ಹಾಡಿಯಲ್ಲಿ ಔಷಧಿ ತೆಗೆದವಳು ಬೀರುವಿನ ದೀಪವನ್ನು ಆರಿಸದೆ, ಬಾಗಿಲನ್ನು ಮಾತ್ರ ಮೆತ್ತಗೆ ಮುಚ್ಚಿದಳು. ಹೊರಗೆ ಒಂದು ಎಳೆ ಬೆಳಕೂ ಕಾಣಲಿಲ್ಲ.

ಅಂದಿನಿಂದ ಬ್ಯಾಟರಿ ಪ್ರತಿ ವಾರ ಇಳಿಯಿತು. ಕನಕರಾಜು ಪ್ಲೇಟು ನೋಡಿದ, ಡಿಸ್ಟಿಲ್ಡ್ ವಾಟರ್ ಹಾಕಿದ, ವೈರು ಬದಲಿಸಿದ, ತನ್ನ ಕೆಲಸವನ್ನೇ ಬಯ್ದುಕೊಂಡ. ಪಾಪ ಅನಿಸುತ್ತಿತ್ತು ಅವಳಿಗೆ. ಹೇಳಿಬಿಡೋಣ ಅನಿಸುತ್ತಿತ್ತು. ಏನಂತ ಹೇಳುವುದು? ಹೆಣ್ಣುಮಗಳು ತಾನಾಗಿ ಬಾಯಿ ಬಿಡುವುದೇ? ಅವನು ಆಡಲಿ ಮೊದಲು. ಅವನೂ, ಓದಿದ ಹುಡುಗಿ, ಬಿಳಿ ಸೀರೆಯವಳು, ತಪ್ಪು ತಿಳಿದು ಬರುವುದನ್ನೇ ಬಿಟ್ಟರೆ ಎಂದು ಕೈ ಒರೆಸಿಕೊಳ್ಳುತ್ತ ಸುಮ್ಮನಿದ್ದ.

"ನಿಮ್ಮಿಬ್ರುದೂ ಮದ್ವೆ ಆಗೋ ಒತ್ಗೆ ನಂಗೆ ಅಲ್ಲು ಉದ್ರೋಗಿರ್ತವೆ," ಎಂದು ಲಿಂಗಯ್ಯ ದಾರಿಯಲ್ಲಿ ಗೊಣಗುತ್ತಿದ್ದ. "ಒಂದ್ ಮಾತು ಕಣವ್ವ. ಒಂದೇ ಒಂದ್ ಮಾತು."

"ಯಾರ ಮದ್ವೆ? ಸುಮ್ನೆ ರಸ್ತೆ ನೋಡಿ ಓಡ್ಸಿ ಲಿಂಗಣ್ಣ."

ರಸ್ತೆ ನೋಡಿಯೇ ಓಡಿಸಬೇಕಿತ್ತು. ಕಾಡಿನಂಚಿನ ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ಜೀಪನ್ನು ನೂಕುತ್ತಿತ್ತು. ಪರದೇಶದವರ ದೊಡ್ಡ ಗಾಡಿಗೆ ಹೊಂದುವಂತಿದ್ದ ಬ್ರೇಕು ಎಂದೋ ತುಕ್ಕು ಹಿಡಿದು ಕಳಚಿಹೋಗಿತ್ತು. ಲಿಂಗಯ್ಯ ಫಸ್ಟ್ ಗೇರಿನಲ್ಲಿ, ಬೀಡಿ ಕಚ್ಚಿಕೊಂಡು, ನಡೆದು ಹೋಗುವವರೂ ಮುಂದೆ ಹೋಗುವಷ್ಟು ಮೆಲ್ಲಗೆ ಇಳಿಸುತ್ತಿದ್ದ. ಒಂದು ಶುಕ್ರವಾರ ಅಂಗಡಿಯಲ್ಲಿ ಈ ಮಾತು ಬಂತು.

"ಇಳಿಯುವಾಗ ಇವ್ರು ಎಲ್ಲಿ ಕೂತಿರ್ತಾರೆ?" ಎಂದು ಕೇಳಿದ ಕನಕರಾಜು.

"ನನ್ನ ಪಕ್ಕ. ಇನ್ನೆಲ್ಲಿ?"

ಕನಕರಾಜುವಿನ ಮುಖದ ಬಣ್ಣ ಇಳಿಯಿತು. ಟ್ರೇಲರ್‌ಗೆ ತಾನೇ ಬ್ರೇಕು ಮಾಡುತ್ತೇನೆಂದು ಅಂದೇ ಹಠ ಹಿಡಿದು ಕೂತ. ಮೈಸೂರಿನ ಗುಜರಿಯಲ್ಲೆಲ್ಲ ಅಲೆದು ಬ್ರೇಕಿನ ಡ್ರಮ್ಮು, ಶೂ ತಂದ. ತಾಮ್ರದ ತಂತಿ ಸುತ್ತಿ ಮ್ಯಾಗ್ನೆಟ್ ಮಾಡಿದ. ಒಂದು ಸಂಜೆ ಅದನ್ನು ಬೆಂಚಿನ ಮೇಲಿಟ್ಟು ಅವಳನ್ನು ಕರೆದ.

"ನೋಡಿ ಇಲ್ಲಿ. ಲಿಂಗಣ್ಣ ಜೀಪಲ್ಲಿ ಸ್ವಿಚ್ ಒತ್ತಿದ್ರೆ ಇದಕ್ಕೆ ಕರೆಂಟ್ ಬತ್ತದೆ. ಇದು ಓಗಿ ಡ್ರಮ್ಮಿಗೆ ಕಚ್ಕೊತದೆ. ಸನ್ನೆಕೋಲು ಎಳೆದು ಚಕ್ರ ಇಡೀತದೆ."

ಅವಳು ಬಗ್ಗಿದಳು. ಸೊಂಟದಲ್ಲಿ ಸಿಕ್ಕಿಸಿದ್ದ ಡ್ರೆಸಿಂಗ್ ಕತ್ತರಿ ಟಪ್ಪೆಂದು ಹಾರಿ ಮ್ಯಾಗ್ನೆಟ್ಟಿಗೆ ಅಂಟಿತು. ಇಬ್ಬರೂ ಒಟ್ಟಿಗೆ ಕೈ ಹಾಕಿದರು. ಬೆರಳಿಗೆ ಬೆರಳು ತಾಗಿತು, ಯಾರೂ ತೆಗೆಯಲಿಲ್ಲ.

"ಬಿಡೋದೇ ಇಲ್ವಲ್ಲ ಇದು," ಎಂದಳು ಮೆಲ್ಲಗೆ.

"ಕರೆಂಟ್ ಇರೋಗಂಟ ಬುಡಲ್ಲ."

"ಹೋದ್ರೆ?"

ಅವನು ಇನ್ನೊಂದು ಕೈಯಿಂದ ವೈರು ತೆಗೆದ. ಕತ್ತರಿ ಬೆಂಚಿನ ಮೇಲೆ ಬಿತ್ತು. ಆಗ ಅವಳು ನೋಡುತ್ತಿದ್ದದ್ದು ಕತ್ತರಿಯನ್ನಲ್ಲ. ಅವನ ಬೆರಳುಗಳ ಮೇಲಿದ್ದ ಆಸಿಡ್ ಕಲೆಗಳನ್ನು, ಉಗುರಿನ ಸಂದಿಯ ಕಪ್ಪನ್ನು, ಇನ್ನೂ ತನ್ನ ಕೈಯ ಹತ್ತಿರವೇ ಉಳಿದಿದ್ದ ಆ ಕೈಯನ್ನು.

ಬ್ರೇಕು ಕೂಡಿಸಿ ಮುಗಿದದ್ದು ಒಂದು ಸೋಮವಾರ ಬೆಳಿಗ್ಗೆ. ಜೊತೆಗೆ ಅವನು ಹೊಚ್ಚ ಹೊಸ ಬ್ಯಾಟರಿಯನ್ನೂ ಹಾಕಿದ್ದ. ಲಿಂಗಯ್ಯ ಎದುರು ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ. ಟ್ರೇಲರ್ ಬಾಗಿಲ ಬಳಿ ಇಬ್ಬರೇ.

"ಇನ್ಮೇಲೆ ನೀವು ವಾರ ವಾರ ಬರೋದು ಬೇಕಾಗಿಲ್ಲ ಕಣ್ರೀ," ಎಂದ ಕನಕರಾಜು. "ಹೊಸ ಬ್ಯಾಟರಿ. ತಿಂಗಳಾದ್ರೂ ಇಳಿಯಲ್ಲ." ಆಮೇಲೆ ಏನೇನೋ ಹೇಳಿದ. ಜೀಪಿನ ಡೈನಮೊ ಬಡವಾಗಿದೆ, ದಾರಿಯಲ್ಲಿ ಇದನ್ನು ತುಂಬಿಸುವುದಿಲ್ಲ ಅಂದ, ಬ್ರೇಕು ಎಳೆಯುವುದೂ ಇದೇ ಬ್ಯಾಟರಿಯಿಂದ ಅಂದ, ಒಳಗಿನ ಲೈಟು ಜೋಪಾನ ಅಂದ, ಇದು ಬಿದ್ದರೆ ಬ್ರೇಕೂ ಬಿತ್ತು ಅಂದ. ಅವನು ಆ ಮಾತುಗಳನ್ನೆಲ್ಲ ಆಡಿದ್ದು ನಿಜ. ಅವಳ ಕಿವಿಯಲ್ಲಿ ಉಳಿದದ್ದು ಮೊದಲನೆಯದು ಮಾತ್ರ. ವಾರ ವಾರ ಬರೋದು ಬೇಕಾಗಿಲ್ಲ. ಅಂದರೆ ಇಷ್ಟು ದಿನ ಇವನಿಗೆ ಬರೀ ರಿಪೇರಿಯೇ ಆಗಿತ್ತೇ?

"ಕೇಳಿಸ್ತೇನ್ರೀ?"

"ಕೇಳಿಸ್ತು," ಎಂದಳು. ಮುಖ ಬಾಡಿತ್ತು.

ಅವನು ಆ ಮುಖವನ್ನು ಒಂದು ಗಳಿಗೆ ನೋಡಿದ. ಅವನ ಕಣ್ಣಿನಲ್ಲಿ ಏನೋ ಹೊಳೆಯಿತು. ತುಟಿಯ ಅಂಚು ಎದ್ದಿತು. ಇನ್ನೇನೋ ಹೇಳುವವನಿದ್ದ, ಅಷ್ಟರಲ್ಲಿ ಲಿಂಗಯ್ಯ ಹಾರ್ನ್ ಬಾರಿಸಿದ.

ಹಾಡಿ ತಲುಪಿದ ಕೂಡಲೇ ಅವಳು ಬೀರುವಿನ ದೀಪ ಹಾಕಿ ಬಾಗಿಲು ಮುಚ್ಚಿದಳು. ಹೊಸ ಬ್ಯಾಟರಿ, ಬೇಗ ಇಳಿಯುವುದಿಲ್ಲ ಎಂದು ಈ ಸಲ ಮೊದಲ ದಿನವೇ. ಒಂದೇ ಒಂದು ಶುಕ್ರವಾರ ಸಾಕು, ಈ ಸಲ ನಾನೇ ಕೇಳಿಬಿಡುತ್ತೇನೆ ಎಂದುಕೊಂಡಿದ್ದಳು.

ಶುಕ್ರವಾರ ಹಗಲು ಚೆನ್ನಾಗಿ ಬಿಸಿಲಿತ್ತು. ಲಿಂಗಯ್ಯ ಖುಷಿಯಲ್ಲಿದ್ದ. ಸೋಮವಾರ ಬರುವಾಗ ಬ್ರೇಕು ಹಿಡಿದ ಚೆಂದವನ್ನು ಹಾಡಿಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಇಳಿಜಾರಿನ ತಲೆಯಲ್ಲಿ ಗೇರು ಇಳಿಸಲಿಲ್ಲ. "ಇವತ್ತು ನೋಡು ಸಿಸ್ಟರ್, ಊಟದೊತ್ತಿಗೆ ನಿನ್ನ ಕನಕನ ಮುಂದೆ ನಿಲ್ಲಿಸ್ತೀನಿ," ಎಂದು ಸ್ವಿಚ್ ಒತ್ತಿದ. ಟ್ರೇಲರ್ ಒಂದಿಷ್ಟು ಹಿಡಿದಂತಾಗಿ ಬಿಟ್ಟಿತು. ಮತ್ತೆ ಒತ್ತಿದ. ಮತ್ತೆ ಒತ್ತಿದ.

"ಇದ್ಯಾಕವ್ವ..." ಎಂದ. ಹೆದರಿಕೆಯಿರಲಿಲ್ಲ ಆ ದನಿಯಲ್ಲಿ, ಬರೀ ಆಶ್ಚರ್ಯ. ಹಿಂದಿನ ಮನೆ ಜೀಪನ್ನು ನೂಕಿಕೊಂಡು ಓಡಿತು, ತಿರುವಿನಲ್ಲಿ ಅಡ್ಡ ತಿರುಗಿತು. ಅವಳಿಗೆ ಆಮೇಲೆ ನೆನಪಿರುವುದು ಮತ್ತಿಮರದ ತೊಗಟೆ, ಅದು ತೀರ ಹತ್ತಿರ ಬಂದದ್ದು, ಮತ್ತು ಲಿಂಗಯ್ಯ ಸ್ಟಿಯರಿಂಗನ್ನು ತನ್ನ ಕಡೆಗೇ ಎಳೆದುಕೊಂಡದ್ದು. ಮರ ತಗುಲಿದ್ದು ಅವನ ಬದಿಗೆ.

ಅವಳಿಗೆ ಭುಜದ ಮೂಳೆ ಮುರಿಯಿತು. ಲಿಂಗಯ್ಯ ಆಸ್ಪತ್ರೆ ಕಾಣಲಿಲ್ಲ.

ಮಲಗಿದ್ದಲ್ಲೇ ಅವಳು ಊರಿನ ಮಾತು ಕೇಳಿದಳು. ಮನೆಯಲ್ಲಿ ಮಾಡಿದ ಬ್ರೇಕಂತೆ. ಗುಜರಿ ಸಾಮಾನಂತೆ. ಒಬ್ಬ ಮನುಷ್ಯನನ್ನೇ ತಿಂದುಬಿಟ್ಟನಂತೆ. ಟ್ರ್ಯಾಕ್ಟರಿನವರು ಬ್ಯಾಟರಿಗಳನ್ನು ಬೇರೆ ಅಂಗಡಿಗೆ ಹೊತ್ತರು. ಪೊಲೀಸರು ಕೇಳಿದಾಗ ಕನಕರಾಜು ತಲೆ ತಗ್ಗಿಸಿ, "ನನ್ನ ಕೆಲ್ಸದಲ್ಲೇ ತಪ್ಪು ಸಾರ್," ಎಂದನಂತೆ. ಅವಳನ್ನು ನೋಡಲು ಒಮ್ಮೆಯೂ ಬರಲಿಲ್ಲ.

ಆಸ್ಪತ್ರೆಯ ಮ್ಯಾನೇಜರ್ ಮರಿಯಯ್ಯ ಬಂದು ಸಮಾಧಾನ ಹೇಳಿದರು. "ನಿನ್ನದೇನೂ ತಪ್ಪಿಲ್ಲಮ್ಮ. ಪೊಲೀಸ್ನೋರು ಗಾಡಿ ಪೂರ್ತಿ ನೋಡಿದಾರೆ. ಒಳಗೆ ಎಲ್ಲಾ ಸ್ವಿಚ್ಚೂ ಆಫ್ ಇತ್ತು. ಬೀರೂದು ಕೂಡ. ಅವನ ಬ್ರೇಕೇ ಕೆಟ್ಟಿದ್ದು."

ಬೀರುವಿನದು ಆಫ್ ಇತ್ತೇ? ಆಗ ಕನಕರಾಜು ಅವತ್ತು ಹೇಳಿದ್ದು ಒಂದೊಂದೇ ಮಾತಾಗಿ ಶಾಂತಲಾಳ ಕಿವಿಗೆ ಬಂತು. ಇದು ಬಿದ್ದರೆ ಬ್ರೇಕೂ ಬಿತ್ತು. ಒಳಗಿನ ಲೈಟು ಜೋಪಾನ. ಅವಳು ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡು, ಭುಜದ ನೋವೂ ತಿಳಿಯದಂತೆ ಅತ್ತಳು. ಆ ದೀಪವನ್ನು ಅವಳು ಆರಿಸಿರಲಿಲ್ಲ. ಸುದ್ದಿ ಕೇಳಿ ಪೊಲೀಸರಿಗಿಂತ ಮೊದಲು ಅಲ್ಲಿಗೆ ಓಡಿಬಂದವರು ಯಾರು, ಬೀರುವಿನ ಬಾಗಿಲು ತೆಗೆದವರು ಯಾರು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕಟ್ಟು ಬಿಚ್ಚಿದ ದಿನ ನೇರ ಅಂಗಡಿಗೆ ನಡೆದಳು. ಬೀದಿ ಖಾಲಿಯಿತ್ತು. ಅವನು ಬೆಂಚಿನ ಹಿಂದೆ ಕೂತಿದ್ದ, ಗಡ್ಡ ಬಿಟ್ಟಿದ್ದ. ಬೆಂಚಿನ ಮೇಲೆ ಟ್ರೇಲರ್‌ನ ಆ ಹೊಸ ಬ್ಯಾಟರಿ ಚಾರ್ಜಿಗೆ ಹಾಕಿತ್ತು. ಸ್ಟೂಲು ಅಲ್ಲೇ ಇತ್ತು, ದಿಂಬೂ ಇತ್ತು. ಅವಳು ಕೂರಲಿಲ್ಲ.

"ದೀಪ ಆರಿಸಿದ್ದು ನೀವು."

ಅವನು ಬ್ಯಾಟರಿಯ ಕ್ಲಿಪ್ಪನ್ನು ಸರಿಮಾಡಿದ.

"ಪ್ರತಿ ವಾರ ಅದನ್ನ ಹಾಕಿದ್ದು ನಾನು. ಇಲ್ಲಿಗೆ ಬರಬೇಕೂಂತ. ಗೊತ್ತಿತ್ತಾ ನಿಮ್ಗೆ?"

"ಅವತ್ತು ಗೊತ್ತಾಯ್ತು. ಬೀರು ಬಾಗ್ಲು ತೆಗೆದಾಗ."

"ಯಾಕೆ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ?"

"ನಂದೂ ಅದೆ ಕಣ್ರೀ," ಎಂದ. "ಬ್ರೇಕಿನ ವಿಷ್ಯ ನೀವು ಕೇಳಿಸ್ಕೊಳ್ಲಿಲ್ಲ. ನಂಗೆ ಗೊತ್ತಾಯ್ತು. ವಾರ ವಾರ ಬರಬೇಡಿ ಅಂದಿದ್ಕೆ ನಿಮ್ಮ ಮುಖ ಬಾಡೋಯ್ತಲ್ಲ, ಅದ ನೋಡಿ ನಂಗೆ ಖುಷಿ ಆಯ್ತು. ಅಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ. ಇನ್ನೊಂದ್ ಸಲ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ಲಿಂಗಣ್ಣನಿಗಾದ್ರೂ ಹೇಳ್ಬೇಕಾಗಿತ್ತು. ಶುಕ್ರವಾರ ಹೇಳಾನ ಅನ್ಕೊಂಡೆ."

ಇಬ್ಬರೂ ಲಿಂಗಯ್ಯನ ಮನೆಗೆ ಹೋದರು. ಬೇಡ ಎಂದು ಅವನು ಎಷ್ಟೋ ಹೇಳಿದ, ಅವಳು ಕೇಳಲಿಲ್ಲ. ಲಿಂಗಯ್ಯನ ಹೆಂಡತಿ ಗುರುಶಾಂತಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದವಳು ಇವರನ್ನು ಕಂಡು ಏಳಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಶಾಂತಲಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ದೀಪ, ಬೀರು, ಶುಕ್ರವಾರಗಳು. ಕನಕರಾಜು ತನ್ನದನ್ನೂ ಹೇಳಿದ. ಹೇಳಿ ಮುಗಿದ ಮೇಲೂ ಗುರುಶಾಂತಮ್ಮನ ಬೆರಳುಗಳು ಕಾಯಿ ಸುಲಿಯುತ್ತಲೇ ಇದ್ದವು.

"ಮನೇಗ್ ಬಂದ್ರೆ ನಿಮ್ದೇ ಮಾತು," ಎಂದಳು ಕೊನೆಗೆ. "ಈ ಇಬ್ರೂ ಬಾಯಿ ಬುಡಲ್ಲ ಕಣೇ, ನಾನೇ ಓಗಿ ಅವರವರ ಮನೇಲಿ ಮಾತಾಡ್ತೀನಿ ಅಂತಿದ್ರು. ನಿಮ್ಮ ಮದ್ವೇಲಿ ಉಟ್ಕೊಳಾಕೆ ಅಂತ ಅಂಚಿನ ಪಂಚೆ ತಂದು ಮಡ್ಗಿದ್ರು. ಅದ್ನೇ ಅವರ ಮೈಮ್ಯಾಲೆ ಒದ್ಸಿ ಮಣ್ಣಿಗೆ ಕಳಿಸ್ದೆ."

ಶಾಂತಲಾ ಕಂಬದ ಪಕ್ಕ ನೆಲದ ಮೇಲೆ ಕೂತಳು.

"ಬಾಯಿತ್ತಲ್ಲವ್ವ ನಿಂಗೆ?" ಗುರುಶಾಂತಮ್ಮ ಆಗ ಮೊದಲ ಸಲ ತಲೆಯೆತ್ತಿ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಇವನಿಗೂ ಇತ್ತಲ್ಲ. ದೀಪ ಯಾಕವ್ವ ಉರಿಸ್ದೆ?"

ಗುರುಶಾಂತಮ್ಮ ಮೊರ ಎತ್ತಿಕೊಂಡು ಒಳಗೆ ಹೋಗುವ ಮುಂಚೆ, ಬೆನ್ನು ತಿರುಗಿಸಿಯೇ, "ಮದ್ವೆ ಆಗ್ರಪ್ಪ. ಅವರಾಸೆ ಅದು. ನನ್ನ ಮಾತ್ರ ಕರೀಬೇಡಿ," ಎಂದಳು.

ಶಾಂತಲಾ ಸ್ಟೇಷನ್ನಿಗೂ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವರು ಕೇಳಿಸಿಕೊಂಡರು, ಅಪಘಾತವೆಂದು ಕೇಸು ಮುಗಿಸಿದರು. ಊರಿನವರು ಸ್ವಲ್ಪ ದಿನ ಅವಳನ್ನು ಬಯ್ದರು, ಆಮೇಲೆ ತಮ್ಮ ಕೆಲಸ ನೋಡಿಕೊಂಡರು. ಟ್ರ್ಯಾಕ್ಟರಿನವರು ಒಬ್ಬೊಬ್ಬರಾಗಿ ಅಂಗಡಿಗೆ ಮರಳಿದರು. ಇವರಿಬ್ಬರ ದಾರಿಗೆ ಈಗ ಯಾರೂ ಅಡ್ಡ ನಿಂತಿರಲಿಲ್ಲ. ಆದರೂ ಒಬ್ಬರ ಮುಖ ನೋಡಿದರೆ ಇನ್ನೊಬ್ಬರಿಗೆ ಕಾಣುತ್ತಿದ್ದದ್ದು ಲಿಂಗಯ್ಯ, ಬಾನೆಟ್ಟಿಗೆ ಒರಗಿ ನಗುವ ಲಿಂಗಯ್ಯ. ಆ ನಗುವಿನ ಮುಂದೆ ಹಸೆಮಣೆ ಹಾಕಿ ಕೂರುವುದು ಹೇಗೆ?

ಅವಳು ಕೆ.ಆರ್. ನಗರದ ಕಡೆ, ಚುಂಚನಕಟ್ಟೆಯ ಆಸ್ಪತ್ರೆಗೆ ಕೆಲಸ ಬದಲಿಸಿಕೊಂಡಳು. ಹೊರಡುವ ದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲು ತಾನಾಗಿ ಹಿಂದಿನ ಬೀದಿಗೆ ನಡೆಯಿತು. ಅವತ್ತಿನ ಆ ತೂತು ಬಿದ್ದ ಬಿಳಿ ಸೀರೆ ಅವಳ ಚೀಲದಲ್ಲಿತ್ತು. ಅವನಿಗೆ ತೋರಿಸಲಿಲ್ಲ.

ಬೆಂಚಿನ ಮೇಲೆ ಅದೇ ಬ್ಯಾಟರಿ. ಯಾರಿಗೂ ಬೇಡವಾದದ್ದನ್ನು ಅವನು ಈಗಲೂ ವಾರ ವಾರ ಚಾರ್ಜಿಗೆ ಹಾಕುತ್ತಿದ್ದ. ಏನಾದರೂ ಕೇಳಬೇಕಲ್ಲ ಎಂದು ಅವಳು ರೂಢಿಯ ಮಾತನ್ನೇ ಕೇಳಿದಳು.

"ಎಷ್ಟು ಹೊತ್ತಾಗುತ್ತೆ?"

ಅವನು ಅವಳ ಕೈಯ ಚೀಲ ನೋಡಿದ. ಸಂಜೆ ಆಗುತ್ತೆ ಎನ್ನಲು ತುಟಿ ತೆರೆದದ್ದು ಅವಳಿಗೆ ಕಂಡಿತು. ಅನ್ನಲಿ ಎಂದು ಅವಳು ದೇವರನ್ನು ಬೇಡಿಕೊಂಡಳು, ಅನ್ನದಿರಲಿ ಎಂದೂ ಬೇಡಿಕೊಂಡಳು.

"ತುಂಬೋಗಿದೆ ಕಣ್ರೀ," ಎಂದ. ಎರಡೂ ಕ್ಲಿಪ್ಪು ತೆಗೆದ.

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೆ.ಆರ್. ನಗರ ಎಂದು ಕೂಗುತ್ತಿದ್ದ.

"ಶಾಂತಲಾ," ಎಂದ ಕನಕರಾಜು. ಅಲ್ಲಿಯವರೆಗೆ ಅವನು ಒಂದು ಸಲವೂ ಅವಳ ಹೆಸರು ಹಿಡಿದಿರಲಿಲ್ಲ. "ನೀವಂದ್ರೆ ನಂಗೆ ಪ್ರಾಣ. ಬಕೆಟ್ ಎತ್ತಿ ಸುರಿದ ದಿನದಿಂದ."

"ನಂಗೂ," ಎಂದಳು ಅವಳು.

ಅಷ್ಟೇ. ಮುಗಿದೇಹೋಯಿತು. ಆಕಾಶ ಕಳಚಿ ಬೀಳಲಿಲ್ಲ, ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಎದುರು ಅಂಗಡಿಯಲ್ಲಿ ಲಿಂಗಯ್ಯ ಬೀಡಿ ಹಚ್ಚಿಕೊಳ್ಳುತ್ತಿದ್ದನಲ್ಲ, ಅಷ್ಟು ಹೊತ್ತೂ ಹಿಡಿಯಲಿಲ್ಲ ಅದು. ಅವಳು ಚೀಲವನ್ನು ಒಳ್ಳೆಯ ಭುಜಕ್ಕೆ ಬದಲಿಸಿಕೊಂಡು ಬಸ್ಸಿನ ಕಡೆ ನಡೆದಳು.